ಬೇವಿನ ಬಟ್ಟಲು ಒಣಗುವ ಹೊತ್ತು

ರಾತ್ರಿ ಹನ್ನೊಂದರ ಸುಮಾರಿಗೆ ಪಡಸಾಲೆಯಲ್ಲಿ ‘ಟಪ್’ ಎಂದು ಸದ್ದಾಯಿತು. ಕುಷ್ಟಗಿಯ ಕ್ರಾಫ್ಟ್ ಮಾಸ್ತರರ ಹೆಂಡತಿ ಎದ್ದು ಕೂತು, ‘ನೋಡ್ರಿ, ಇಲಿ ಏನೋ ಕೆಡವಿತು’ ಎಂದರು. ಮಾಸ್ತರು ಏಳಲಿಲ್ಲ. ಅದು ಇಲಿಯಲ್ಲ ಎಂದು ಅವರಿಗೆ ಗೊತ್ತಿತ್ತು. ಅಂಥದೇ ಸದ್ದು ಅದೇ ದಿನ ಮಧ್ಯಾಹ್ನ ಮಾಳಿಗೆಯ ಮೇಲೂ ಆಗಿತ್ತು. ಹೋಗಿ ನೋಡಿದರೆ ಒಂದು ಬಟ್ಟಲು ತಳದಿಂದ ಕಂಠದವರೆಗೆ ಬಾಯಿ ಬಿಟ್ಟಿತ್ತು. ಉಳಿದವನ್ನು ಕೆಳಗೆ ತಂದು ಪಡಸಾಲೆಯಲ್ಲಿ ಇಟ್ಟಿದ್ದರು. ಬೆಳಗಾಗುವುದರೊಳಗೆ ಇನ್ನೆರಡು ಬಿರಿದವು. ನಾಲ್ಕನೆಯದು ಬಿರಿಯಲಿಲ್ಲ, ಆದರೆ ನೆಲಕ್ಕಿಟ್ಟರೆ ಕಾಲು ಮೋಟಾದ ಮಂಚದಂತೆ ಕುಂಟತೊಡಗಿತು.

ಈ ಮಾಸ್ತರು ಊರು ಬಿಡದೆ ಜಿಲ್ಲೆ ಬದಲಿಸಿದವರ ಪೈಕಿ. ನೌಕರಿಗೆ ಸೇರಿದಾಗ ಕುಷ್ಟಗಿ ರಾಯಚೂರು ಜಿಲ್ಲೆಯಲ್ಲಿತ್ತು. 1997ರಲ್ಲಿ ಕೊಪ್ಪಳ ಜಿಲ್ಲೆ ಆಯಿತು. ಅಲ್ಲಿಯೇ ಕೂತು ನಿವೃತ್ತರಾದರು. ಮಕ್ಕಳಿಗೆ ಉಳಿ, ಕರಗಸ, ರಂದ ಹಿಡಿಯುವುದನ್ನು ಕಲಿಸಿದ ಕೈ ಸುಮ್ಮನಿರಲಾರದೆ, ಹಳೆಯ ನೀರೆತ್ತುವ ಮೋಟಾರಿಗೆ ಬೆಲ್ಟು ಹಾಕಿ ಒಂದು ಸಣ್ಣ ಲೇತು ಮಾಡಿಕೊಂಡಿದ್ದರು. ಅದರಲ್ಲಿ ಲಟ್ಟಣಿಗೆ ಕಡೆದರು, ತೊಟ್ಟಿಲಿನ ಗುಬ್ಬಿ ಕಡೆದರು. ಅವೆಲ್ಲ ಅಂಗಡಿಯಿಂದ ತಂದ ಒಣ ಮರದವು. ಹಸಿ ಮರಕ್ಕೆ ಕೈ ಹಾಕಿದ್ದು ಇದೇ ಮೊದಲು, ಮತ್ತು ಅದು ಅವರ ಮನೆಯ ಮುಂದಿನ ಬೇವಿನ ಮರ.

ಆ ಮರ ಅವರವ್ವ ನೆಟ್ಟದ್ದು. ಅವ್ವ ತೀರಿಕೊಂಡ ಮೇಲೆ ಮನೆಯ ಜಾಗ ಪಾಲಾಯಿತು. ಮರ ಸರಿಯಾಗಿ ಗೆರೆಯ ಮೇಲೆ ಬಂತು. ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಲೆಕ್ಕ ಬರೆಯುವ ತಮ್ಮ ತನ್ನ ಪಾಲನ್ನು ಮಾರಿದ. ಕೊಂಡವರು ಮರ ತೆಗೆಯಬೇಕೆಂದರು. ಕೊಪ್ಪಳದ ತಂಗಿ ಏನೂ ಅನ್ನಲಿಲ್ಲ. ಯಲಬುರ್ಗಾದ ಅಕ್ಕ ಮಾತ್ರ, ‘ನನಗ ಪಾಲು ಬ್ಯಾಡ, ಪಾತ್ರಿ ಬ್ಯಾಡ, ಗಿಡಕ್ಕ ಕೊಡ್ಲಿ ಹಾಕಬ್ಯಾಡ್ರಿ’ ಎಂದಿದ್ದಳು. ಕಾಗದಕ್ಕೆ ಸಹಿ ಮಾಡಿದವರಲ್ಲಿ ಮಾಸ್ತರೂ ಒಬ್ಬರು. ಯುಗಾದಿ ಮುಗಿದ ವಾರದಲ್ಲಿ ಮರ ಉರುಳಿತು. ಅಕ್ಕ ಆ ಹೊಸ್ತಿಲು ಮತ್ತೆ ತುಳಿಯಲಿಲ್ಲ. ಬುಡದ ದಿಮ್ಮಿಯನ್ನು ಕಟ್ಟಿಗೆ ಅಡ್ಡೆಯವ ಒಯ್ದ. ಮಾಸ್ತರರಿಗೆ ದಕ್ಕಿದ್ದು ಮೂರು ಮೂರು ಅಡಿಯ ಎರಡು ತುಂಡು. ನಾಲ್ಕು ಮಂದಿಗೆ ನಾಲ್ಕು ಬಟ್ಟಲು, ಬರುವ ಯುಗಾದಿಯ ಬೇವು-ಬೆಲ್ಲಕ್ಕೆ, ಎಂಬ ಲೆಕ್ಕ ಅವರ ತಲೆಯಲ್ಲಿ ಕೂತದ್ದು ಆಗ. ಆ ಲೆಕ್ಕದ ಅರ್ಧ ಭಾಗ ಒಂದೇ ಹಗಲು-ರಾತ್ರಿಯಲ್ಲಿ ಬಿರಿದುಹೋಗಿತ್ತು.

ಉಳಿದದ್ದು ಒಂದೇ ತುಂಡು. ಇನ್ನೊಂದು ತರುತ್ತೇನೆಂದರೆ ಮರವೇ ಇಲ್ಲ.

ಮಾಸ್ತರರಿಗೆ ಮೊದಲು ಬುದ್ಧಿ ಹೇಳಿದವನು ಬಡಿಗನಲ್ಲ, ಕುಂಬಾರ. ಸಂತೆಯಲ್ಲಿ ಗಡಿಗೆ ಮಾರುತ್ತಿದ್ದ ಆತ ಕತೆ ಕೇಳಿ ನಕ್ಕುಬಿಟ್ಟ: ‘ಹಸೀ ಗಡಿಗಿ ಬಿಸಲಿಗಿಟ್ರ ಉಳೀತೈತೇನ್ರೀ ಸರ? ನೆರಳಾಗ ಇಟ್ಟು, ಮ್ಯಾಲೆ ಹಸಿ ಅರಬಿ ಹೊದಿಸಿ, ತಡದು ತಡದು ಒಣಗಸಬೇಕು. ನೀವು ಸಂಡಿಗಿ ಒಣಗಸಿದಂಗ ಮಾಳಗಿಗೆ ಹಾಕೀರಿ.’ ಮಾತು ಸತ್ಯ. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ ಕಾಣುವ, ಏಪ್ರಿಲ್ ತಿಂಗಳಲ್ಲಿ ಪಾರಾ ನಲವತ್ತಕ್ಕೆ ಏರುವ ಸೀಮೆ ಇದು. ಇಲ್ಲಿಯ ಬಿಸಿಗಾಳಿ ತೊಳೆದು ಹಾಕಿದ ಧೋತರವನ್ನು ಅರ್ಧ ಗಂಟೆಯಲ್ಲಿ ಗರಿಗರಿ ಮಾಡುತ್ತದೆ. ಸಂಡಿಗೆ ತೆಳು, ಮೇಲೂ ಒಳಗೂ ಒಟ್ಟಿಗೇ ಒಣಗುತ್ತದೆ. ಎರಡು ಅಂಗುಲ ದಪ್ಪದ ತಳವಿರುವ ಬಟ್ಟಲಿನ ಮಾತು ಬೇರೆ.

ಹಸಿ ಮರದಲ್ಲಿ ನೀರು ಎರಡು ಥರ ಇರುತ್ತದೆ. ಒಂದು, ಮರದ ಸಣ್ಣ ಸಣ್ಣ ಕೊಳವೆಗಳ ಒಳಗೆ ತುಂಬಿಕೊಂಡ ನೀರು. ಅದು ಹೋದರೆ ತೂಕ ಇಳಿಯುತ್ತದೆ, ಆಕಾರ ಬದಲಾಗುವುದಿಲ್ಲ. ಕೊಡ ಬರಿದಾದರೆ ಕೊಡ ಸಣ್ಣದಾಗುವುದಿಲ್ಲವಲ್ಲ, ಹಾಗೆ. ಇನ್ನೊಂದು, ಆ ಕೊಳವೆಗಳ ಗೋಡೆಯೊಳಗೇ ಸೇರಿಕೊಂಡ ನೀರು. ಒಣ ಮರದ ತೂಕದ ನೂರಕ್ಕೆ ಸುಮಾರು ಮೂವತ್ತರಷ್ಟು ತೇವಕ್ಕೆ ಇಳಿದ ಮೇಲೆ ಈ ಎರಡನೆಯ ನೀರು ಹೊರಡಲು ಶುರುವಾಗುತ್ತದೆ. ಆಗ ಗೋಡೆಯೇ ಕುಗ್ಗುತ್ತದೆ, ಅದರ ಜೊತೆಗೆ ಮರವೂ ಕುಗ್ಗುತ್ತದೆ. ತಕರಾರು ಏನೆಂದರೆ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಮರದ ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ತಿರುಳಿನಿಂದ ತೊಗಟೆಯ ಕಡೆಗೆ ಒಂದು ಪಾಲು ಕುಗ್ಗಿದರೆ, ವರ್ಷದ ಬಳೆಗಳ ಸುತ್ತಿನ ಗುಂಟ ಸುಮಾರು ಎರಡು ಪಾಲು. ದುಂಡಗೆ ಕಡೆದ ಹತ್ತು ಅಂಗುಲದ ಬಟ್ಟಲು ಒಣಗುವಷ್ಟರಲ್ಲಿ ಒಂದು ಕಡೆ ಅರ್ಧ ಅಂಗುಲದಷ್ಟು ಕಡಿಮೆಯಾಗಿ ಮೊಟ್ಟೆಯ ಆಕಾರಕ್ಕೆ ತಿರುಗುವುದು ಇದರಿಂದ.

ಸೊಟ್ಟಗಾಗುವುದಕ್ಕೆ ಇದು ಕಾರಣ. ಬಿರಿಯುವುದಕ್ಕೆ ಇದರ ಜೊತೆಗೆ ಅವಸರವೂ ಸೇರಬೇಕು. ಬಿಸಿಲಿಗೆ ಹೊರಮೈ ಒಣಗಿ ಕುಗ್ಗಲು ಹವಣಿಸುತ್ತದೆ. ಒಳಗೆ ಇನ್ನೂ ಹಸಿಯಾಗಿರುವ ಮರ ಬಿಡುವುದಿಲ್ಲ. ಬೆಳೆದ ಹುಡುಗನಿಗೆ ಹಳೆಯ ಅಂಗಿ ತೊಡಿಸಿದಂತೆ ಎಲ್ಲೋ ಒಂದು ಕಡೆ ಹೊಲಿಗೆ ಬಿಚ್ಚಲೇಬೇಕು.

ಇಷ್ಟು ತಿಳಿದ ಮೇಲೆ ಮಾಸ್ತರರಿಗೆ ತಾವು ಮಾಡಿದ ತಪ್ಪುಗಳು ಸಾಲಾಗಿ ಕಾಣತೊಡಗಿದವು. ಸೌತೆಕಾಯಿ ಬಿಲ್ಲೆ ಹೆಚ್ಚಿದಂತೆ ತುಂಡನ್ನು ಅಡ್ಡಡ್ಡ ಕೊಯ್ದಿದ್ದರು. ಪ್ರತಿ ಬಟ್ಟಲಿನ ನಟ್ಟನಡುವೆ ತಿರುಳು ಕೂತಿತ್ತು. ತಿರುಳಿನ ಸುತ್ತ ಪೂರ್ತಿ ಬಳೆಗಳಿದ್ದರೆ ಅವು ಕುಗ್ಗಲು ದಾರಿಯಿಲ್ಲದೆ ಸೀಳಿಕೊಂಡೇ ದಾರಿ ಮಾಡಿಕೊಳ್ಳುತ್ತವೆ. ಕಂಠವನ್ನು ತೆಳ್ಳಗೆ ಮಾಡಿ ತಳವನ್ನು ದಪ್ಪ ಬಿಟ್ಟಿದ್ದರು. ಕಂಠ ಒಣಗಿತು, ತಳ ಒಣಗಲಿಲ್ಲ. ಅದಕ್ಕೂ ಮೊದಲು ಆ ತುಂಡನ್ನು ಮೂರು ವಾರ ಅಂಗಳದಲ್ಲೇ ಕೆಡವಿದ್ದರು. ಕೊಯ್ದ ತುದಿಗಳಲ್ಲಿ ಆಗಲೇ ನಕ್ಷತ್ರದ ಹಾಗೆ ಬಿರುಕು ಬಿಟ್ಟಿದ್ದವು. ಮರದ ಅಡ್ಡ ಕೊಯ್ದ ಬಾಯಿಯಿಂದ ನೀರು ಪಕ್ಕದ ಮೈಗಿಂತ ಹತ್ತು-ಹದಿನೈದು ಪಟ್ಟು ಬೇಗ ಹೊರಡುತ್ತದೆ. ಸಾಲದ್ದಕ್ಕೆ ಅದು ಅಡ್ಡ ಚಾಚಿ ಬೆಳೆದ ಟೊಂಗೆ. ಅಂಥ ಟೊಂಗೆ ವರ್ಷಗಟ್ಟಲೆ ತನ್ನ ಭಾರ ತಾನೇ ಹೊತ್ತು ಒಳಗೊಳಗೇ ಬಿಗಿದಿರುತ್ತದೆ. ಕೊಯ್ದು ಕಡೆದರೆ ಆ ಬಿಗುವೆಲ್ಲ ಹೊರಗೆ ಬರುತ್ತದೆ. ಪುಣ್ಯಕ್ಕೆ ಉಳಿದ ತುಂಡು ನೆಟ್ಟಗೆ ಮೇಲೆದ್ದ ಕವಲಿನದಾಗಿತ್ತು.

ಉಳಿದದ್ದನ್ನು ಮುಟ್ಟುವ ಮೊದಲು ಮಾಸ್ತರು ಕಿನ್ನಾಳಕ್ಕೆ ಹೋಗಿ ಬಂದರು. ಕೊಪ್ಪಳದ ಪಕ್ಕದ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗಳಿಗೆ ಹೆಸರಾದವರು. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನು ಬರೆದದ್ದು ತಮ್ಮ ಹಿರಿಯರೇ ಎಂಬ ನಂಬಿಕೆ ಅವರಲ್ಲಿದೆ. ಅಲ್ಲಿಯ ಹಗುರ ಮರದ ಗರುಡ ಹನ್ನೆರಡು ಭಾಗಗಳದ್ದು, ಪೀಠದ ಮೇಲೆ ಕೂತ ಗಣಪತಿ ಇಪ್ಪತ್ತೆರಡು ಭಾಗಗಳದ್ದು. ಇಷ್ಟೊಂದು ತುಂಡು ಯಾಕೆಂಬುದು ಮಾಸ್ತರರಿಗೆ ಆಗ ಹೊಳೆಯಿತು. ಸಣ್ಣ ತುಂಡು ಬೇಗ ಒಣಗುತ್ತದೆ, ಸ್ವಲ್ಪ ಕುಗ್ಗುತ್ತದೆ, ಬಿರಿಯುವುದು ಕಡಿಮೆ. ಮೇಲೆ ಗೋಣಿನಾರಿನ ಪುಡಿ, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟವನ್ನು ಮೆತ್ತಿ, ಅದರ ಮೇಲೆ ಅರಿವೆಯ ಚೂರು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಒಳಗಿನ ಮರ ಕೂದಲೆಳೆಯಷ್ಟು ಅಲುಗಾಡಿದರೂ ಹೊರಗಿನ ದೇವರ ಮುಖಕ್ಕೆ ಗೆರೆ ಬೀಳಬಾರದು. ಬಿರಿದ ಮೂರ್ತಿಯನ್ನು ಯಾವ ಊರಿನವರು ಪೂಜೆಗೆ ಇಟ್ಟುಕೊಂಡಾರು?

ಮಾಸ್ತರರ ಒಡೆದ ಬಟ್ಟಲನ್ನು ಅಲ್ಲಿಯ ಹಿರಿಯ ಕಲಾವಿದರೊಬ್ಬರು ತಿರುವಿ ತಿರುವಿ ನೋಡಿದರು. ‘ನಮ್ಮದು ಮುಚ್ಚೋ ಕೆಲಸರಿ. ಬಿರದ್ರ ಕಿಟ್ಟ ತುಂಬತೀವಿ, ಅರಬಿ ಹಚ್ಚತೀವಿ, ಬಣ್ಣ ಬಳೀತೀವಿ. ನಿಮ್ಮದು ಬತ್ತಲೆ ಬಟ್ಟಲ. ಅದು ತಾನಾಗೇ ಸುಮ್ಮನಾಗೋತನಕ ನೀವು ಕಾಯಬೇಕು’ ಎಂದರು. ಚನ್ನಪಟ್ಟಣದವರೂ ಅಷ್ಟೇ, ಆಲೆ ಮರವನ್ನು ತಿಂಗಳುಗಟ್ಟಲೆ ಒಣಗಿಸಿ, ಸಣ್ಣ ತುಂಡು ಮಾಡಿಕೊಂಡೇ ಲೇತಿಗೆ ಏರಿಸುತ್ತಾರೆ. ಬಟ್ಟಲಿನಂಥ ದಪ್ಪ ವಸ್ತುವಿಗೆ ಹಾಗೆ ಮೊದಲೇ ಒಣಗಿಸುತ್ತ ಕೂತರೆ ವರ್ಷಗಳು ಬೇಕು, ಅಷ್ಟರಲ್ಲಿ ದಿಮ್ಮಿಯೇ ಸೀಳಿರುತ್ತದೆ. ಅದಕ್ಕೇ ಹಸಿ ಇದ್ದಾಗಲೇ ಒರಟಾಗಿ ಕಡೆದು, ಒಣಗಿಸಿ, ಸೊಟ್ಟಗಾದ ಮೇಲೆ ಮತ್ತೊಮ್ಮೆ ಕಡೆದು ದುಂಡಗೆ ಮಾಡುವ ದಾರಿ. ಬಟ್ಟಲು ಕಡೆಯುವವರು ಬಹು ಕಾಲದಿಂದ ಹಿಡಿದದ್ದು ಇದನ್ನೇ.

ಏಪ್ರಿಲ್ ಬಿಸಿಲಿನಲ್ಲಿ ಆ ಕೆಲಸ ಹಿಡಿಯುವ ಧೈರ್ಯ ಮಾಸ್ತರರಿಗೆ ಬರಲಿಲ್ಲ. ಚಕ್ಕಡಿಯ ಗಾಲಿ ಮಾಡುತ್ತಿದ್ದ ಕಾಲದಲ್ಲಿ ಬಡಿಗರು ಜಾಲಿಯ ದಿಮ್ಮಿಗಳನ್ನು ಕೆರೆಯಲ್ಲೋ ಹಳ್ಳದಲ್ಲೋ ಮುಳುಗಿಸಿ ಇಡುತ್ತಿದ್ದುದು ನೆನಪಾಯಿತು. ನೀರಿನಲ್ಲಿದ್ದ ಮರ ಒಣಗುವುದಿಲ್ಲ, ಆದ್ದರಿಂದ ಬಿರಿಯುವುದೂ ಇಲ್ಲ. ಹುಳುವಿಗೆ ರುಚಿಸುವ ಸತ್ವವೂ ಅಷ್ಟಿಷ್ಟು ತೊಳೆದುಹೋಗುತ್ತದೆ. ಕುಷ್ಟಗಿಯ ಕೆರೆ-ಹಳ್ಳಗಳಿಗೆ ಬೇಸಿಗೆಯಲ್ಲಿ ಏನನ್ನೂ ಮುಳುಗಿಸುವ ಶಕ್ತಿಯಿಲ್ಲ. ಗೆಳೆಯರೊಬ್ಬರ ದಾಳಿಂಬೆ ತೋಟದಲ್ಲಿ ಬೋರಿನ ನೀರು ತುಂಬುವ ಸಿಮೆಂಟ್ ತೊಟ್ಟಿಯಿತ್ತು. ತುಂಡನ್ನು ಅದರಲ್ಲಿ ಹಾಕಿ, ತೇಲದಂತೆ ಮೇಲೆ ಎರಡು ಕಲ್ಲು ಹೇರಿದರು. ಎರಡೂವರೆ ತಿಂಗಳು ಅದು ಅಲ್ಲೇ ಇತ್ತು. ತೋಟದ ಆಳು ಮಗ ಅದರ ಮೇಲೆ ಕೂತು ಸ್ನಾನ ಮಾಡುತ್ತಿದ್ದನಂತೆ.

ಮೃಗಶಿರಾ ಮಳೆ ಬಿದ್ದು ಗಾಳಿಗೆ ತೇವ ಬಂದ ಮೇಲೆ ತುಂಡು ಹೊರಗೆ ಬಂತು. ಈ ಸಲ ಅಡ್ಡ ಕೊಯ್ಯಲಿಲ್ಲ. ಉದ್ದಕ್ಕೆ, ತಿರುಳಿನ ಮೇಲೆಯೇ ಗೆರೆ ಎಳೆದು ಎರಡು ಹೋಳು ಮಾಡಿ, ತಿರುಳನ್ನು ಎರಡೂ ಕಡೆಯಿಂದ ಕೆತ್ತಿ ತೆಗೆದರು. ಆರು ತುಂಡಾದವು. ಒಂದರಲ್ಲಿ ಗಂಟು ಇತ್ತು, ಬಿಟ್ಟರು. ಐದು ಬಟ್ಟಲನ್ನು ಒಂದೇ ದಿನ ಕಡೆದರು. ಹಸಿ ಬೇವು ಉಳಿಗೆ ಮೂಲಂಗಿಯಂತೆ ಸುರುಳಿ ಸುರುಳಿಯಾಗಿ ಬಂತು. ಕಹಿ ವಾಸನೆ ಓಣಿಯ ತುಂಬ ಹಬ್ಬಿ, ‘ಯಾರಿಗೆ ಅಮ್ಮ ಬಂದಾಳ?’ ಎಂದು ಪಕ್ಕದ ಮನೆಯವರು ಕೇಳಿದರು. ಹತ್ತು ಅಂಗುಲದ ಬಟ್ಟಲಿಗೆ ಒಂದು ಅಂಗುಲದ ದಪ್ಪ, ಅಂದರೆ ಅಗಲದ ಹತ್ತನೆಯ ಒಂದು ಪಾಲು. ತಳದಲ್ಲೂ ಕಂಠದಲ್ಲೂ ಒಂದೇ ಸಮ. ಆ ದಪ್ಪವಿದ್ದರೆ ಸೊಟ್ಟಗಾದ ಮೇಲೂ ಒಳಗಿನಿಂದ ದುಂಡನೆಯ ಬಟ್ಟಲು ತೆಗೆಯಬಹುದು. ಅಡ್ಡ ಕೊಯ್ದ ಬಾಯಿ ಕಾಣುವ ಎರಡು ಮಗ್ಗುಲಿಗೆ ಮೇಣದ ಬತ್ತಿ ಕರಗಿಸಿ ಬಳಿದರು.

ಆಗ ಗಂಗಾವತಿಯ ತಮ್ಮನಿಂದ ಬಸ್ಸಿನಲ್ಲಿ ಎರಡು ಚೀಲ ಭತ್ತದ ಹೊಟ್ಟು ಬಂತು. ತುಂಗಭದ್ರೆಯ ಕಾಲುವೆ ಹರಿದ ಮೇಲೆ ಭತ್ತದ ಸೀಮೆಯಾದ ಗಂಗಾವತಿಯಲ್ಲಿ ಹೊಟ್ಟಿಗೆ ಬರವಿಲ್ಲ. ಕೇಳಿದ್ದು ಮಾಸ್ತರೇ, ಆದರೂ ಮರದ ವಿಷಯಕ್ಕೆ ಆ ತಮ್ಮ ಏನಾದರೂ ಕಳಿಸಿದ್ದು ಅದೇ ಮೊದಲು. ಮೊದಲ ಚೀಲದಲ್ಲಿ ಅರ್ಧ ತೌಡು ಬೆರೆತಿತ್ತು. ತೌಡಿಗೆ ತೇವ ತಗುಲಿದರೆ ಹುಳು-ಬೂಸಲುಗಳಿಗೆ ಹಬ್ಬ, ಅದನ್ನು ಪಕ್ಕದ ಮನೆಯ ಎಮ್ಮೆಗೆ ಹಾಕಿದರು. ಶುದ್ಧ ಹೊಟ್ಟನ್ನು ತಗಡಿನ ಟ್ರಂಕಿನಲ್ಲಿ ಹರವಿ, ಬಟ್ಟಲುಗಳನ್ನು ಹೂತು, ಒಳಗೂ ತುಂಬಿ, ಮುಚ್ಚಳವನ್ನು ಬೆರಳಷ್ಟು ತೆರೆದು ಇಟ್ಟರು. ಪೂರ್ತಿ ಮುಚ್ಚಿದರೆ ಬೂಸಲು, ಪೂರ್ತಿ ತೆರೆದರೆ ಬಿರುಕು. ಈ ಎರಡರ ನಡುವಿನ ಬೆರಳಷ್ಟು ಜಾಗವೇ ಎಲ್ಲ ವಿದ್ಯೆ. ಮೂರು ದಿನಕ್ಕೊಮ್ಮೆ ಹೊಟ್ಟನ್ನು ಹೊರಗೆ ಹರವಿ ಒಣಗಿಸಿ ಮತ್ತೆ ತುಂಬಿದರು. ನಾಲ್ಕು ವಾರದ ಮೇಲೆ ಟ್ರಂಕಿನಿಂದ ತೆಗೆದು, ಒಂದೊಂದನ್ನೂ ಹಳೆಯ ಪೇಪರಿನಲ್ಲಿ ಸುತ್ತಿ ಒಳಕೋಣೆಯ ಮೂಲೆಗೆ ಇಟ್ಟರು. ಭಾನುವಾರದ ಪುರವಣಿಗಳು ಇಂಥದಕ್ಕೂ ಆದಾವೆಂದು ಅವನ್ನು ಬರೆಯುವವರು ಅಂದುಕೊಂಡಿರಲಾರರು.

ಒಣಗಿದೆಯೋ ಇಲ್ಲವೋ ಎಂಬುದು ಮುಟ್ಟಿದರೆ ತಿಳಿಯುವುದಿಲ್ಲ. ಅದನ್ನು ಹೇಳುವುದು ತಕ್ಕಡಿ. ಪ್ರತಿ ಸೋಮವಾರ ಮಾಸ್ತರು ಐದು ಪೊಟ್ಟಣ ಹಿಡಿದು ಕಿರಾಣಿ ಅಂಗಡಿಗೆ ಹೋಗುತ್ತಿದ್ದರು. ಅಂಗಡಿಯವ ತೂಗಿ, ಬಾಕಿ ಬರೆಯುವ ವಹಿಯ ಕೊನೆಯ ಹಾಳೆಯಲ್ಲಿ ಬರೆದಿಡುತ್ತಿದ್ದ. ಎರಡು ಕಿಲೋ ಇದ್ದ ಬಟ್ಟಲು ಮೊದಲ ತಿಂಗಳಲ್ಲಿ ಸರಸರನೆ ಇಳಿಯಿತು. ಆಮೇಲೆ ನಿಧಾನ. ದಸರೆಯ ಹೊತ್ತಿಗೆ ವಾರಕ್ಕೆ ಐದಾರು ಗ್ರಾಂ. ‘ಸರ, ನನ್ನ ತಕ್ಕಡಿಗಿಂತಾ ನಿಮ್ಮ ಬಟ್ಟಲ ಪ್ರಾಮಾಣಿಕ ಅದಾವ’ ಎಂದು ಅಂಗಡಿಯವ ಚೇಷ್ಟೆ ಮಾಡುತ್ತಿದ್ದ. ಇಷ್ಟು ಮಾಡಿಯೂ ಒಂದು ಬಟ್ಟಲು ಶ್ರಾವಣದಲ್ಲೇ ತಳದವರೆಗೆ ಸೀಳಿತು. ಇನ್ನೊಂದಕ್ಕೆ ಕಂಠದಲ್ಲಿ ಒಂದು ಅಂಗುಲದ ಬಿರುಕು ಬಂತು. ಕಾರಣ ಹುಡುಕಿದರೆ ಸಿಗಲಿಲ್ಲ. ಒಂದೇ ಕೊಂಬೆ, ಒಂದೇ ದಿನ, ಒಂದೇ ಟ್ರಂಕು.

ಚಳಿಗಾಲದಲ್ಲಿ ಮಾಡಲು ಕೆಲಸವಿರಲಿಲ್ಲ. ಕುಕನೂರಿಗೆ ಒಂದು ಲಗ್ನಕ್ಕೆ ಹೋದ ಮಾಸ್ತರು ಇಟಗಿಯ ಮಹಾದೇವ ದೇವಾಲಯಕ್ಕೂ ಹೋಗಿ ಕೂತರು. ಇಟಗಿ ಈಗ ಕುಕನೂರು ತಾಲ್ಲೂಕಿನಲ್ಲಿದೆ, ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿತ್ತು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ‘ದೇವಾಲಯ ಚಕ್ರವರ್ತಿ’ ಎಂದು ಶಾಸನ ಹೊಗಳುವ ಗುಡಿ ಅದು. ಅಲ್ಲಿಯ ತಿರುಗಣಿಯಲ್ಲಿ ಕಡೆದ ಕಂಬಗಳ ಬಳೆಗಳ ಮೇಲೆ ಮಾಸ್ತರು ಬೆರಳಾಡಿಸಿ ನೋಡಿದರು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು. ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಹಸಿಯಿದ್ದಾಗ ಕಡೆಯುವ ಉಪಾಯ ಕಲ್ಲಿನವರಿಗೂ ಗೊತ್ತಿತ್ತು. ಆದರೆ ಕಲ್ಲು ಗಟ್ಟಿಯಾಗುವಾಗ ಮರದಂತೆ ಕುಗ್ಗಿ ಸೊಟ್ಟಗಾಗುವುದಿಲ್ಲ. ಮಜ್ಜಿಗೆಯನ್ನೂ ಕಡೆಯುತ್ತೇವೆ, ಕಂಬವನ್ನೂ ಕಡೆಯುತ್ತೇವೆ, ಬಟ್ಟಲನ್ನೂ ಕಡೆಯುತ್ತೇವೆ. ಕಡೆದ ಮೇಲೂ ತನ್ನ ಹಟ ಬಿಡದಿರುವುದು ಮರ ಒಂದೇ ಎಂದು ಮಾಸ್ತರರಿಗೆ ಹೊಟ್ಟೆಕಿಚ್ಚಾಯಿತು.

ಮಾಘದ ಹೊತ್ತಿಗೆ ಮೂರು ಸೋಮವಾರ ಒಂದೇ ತೂಕ ಬಂತು: ಒಂದು ಕಿಲೋ ಮುನ್ನೂರೈವತ್ತು. ತೂಕ ನಿಂತಿತೆಂದರೆ ಮರ ಊರಿನ ಗಾಳಿಯ ಜೊತೆ ರಾಜಿಯಾಯಿತು ಎಂದರ್ಥ. ಮೊಟ್ಟೆಯಾಗಿದ್ದ ಬಟ್ಟಲುಗಳನ್ನು ಮತ್ತೆ ಲೇತಿಗೆ ಏರಿಸಿದರು. ಮೊದಲ ಸುತ್ತಿಗೆ ಉಳಿ ಎರಡು ಕಡೆಗಷ್ಟೇ ತಗುಲಿ ಟಕ್ ಟಕ್ ಎಂದಿತು. ಹತ್ತು ನಿಮಿಷದಲ್ಲಿ ಸದ್ದು ಒಂದೇ ಸಮನಾಯಿತು. ಮೂರು ಬಟ್ಟಲು ದುಂಡಗಾದವು. ಬಿರುಕಿನದಕ್ಕೆ ಕಿನ್ನಾಳದವರ ಉಪಾಯದಂತೆ ಹುಣಸೆ ಬೀಜದ ಅಂಟಿನಲ್ಲಿ ಬೇವಿನದೇ ಹೊಟ್ಟು ಕಲಸಿ ತುಂಬಿದರು. ಎಲ್ಲಕ್ಕೂ ಕುಸುಬೆ ಎಣ್ಣೆ. ಕುಸುಬೆ ಎಣ್ಣೆ ಗಾಳಿಗೆ ತೆಳ್ಳನೆಯ ಪೊರೆಯಂತೆ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆಯಾದರೆ ಜಿಡ್ಡಾಗಿಯೇ ಉಳಿಯುತ್ತದೆ. ತೆಳ್ಳಗೆ ಒರೆಸಿ, ವಾರ ಬಿಟ್ಟು ಮತ್ತೊಮ್ಮೆ ಒರೆಸಿದರು.

ಕೊಪ್ಪಳದ ತಂಗಿ ತನ್ನದನ್ನು ಬಂದು ಒಯ್ದಳು. ಗಂಗಾವತಿಗೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೋಯಿತು. ಯಲಬುರ್ಗಾಕ್ಕೆ ಮಾಸ್ತರೇ ಹೋದರು, ಯುಗಾದಿಗೆ ನಾಲ್ಕು ದಿನ ಮುಂಚೆ.

ಅಕ್ಕ ನೀರು ಕೊಟ್ಟಳು, ಚಾ ಕೊಟ್ಟಳು. ಪೇಪರು ಬಿಚ್ಚಿ ಬಟ್ಟಲನ್ನು ಮುಂದಿಟ್ಟಾಗ ಸ್ವಲ್ಪ ಹೊತ್ತು ಮುಟ್ಟಲಿಲ್ಲ. ಆಮೇಲೆ ಎತ್ತಿ ಮೂಗಿಗೆ ಹಿಡಿದಳು.

‘ವಾಸನಿ ಹಂಗ ಐತಲ್ಲೋ ತಮ್ಮಾ.’

‘ಹೂಂ ಅಕ್ಕಾ. ನೀರಾಗಿಟ್ರೂ ಹೋಗಲಿಲ್ಲ.’

ನೆಲಕ್ಕಿಟ್ಟು ಒಂದು ಬೆರಳಿನಿಂದ ಒತ್ತಿ ನೋಡಿದಳು. ಅಲ್ಲಾಡಲಿಲ್ಲ. ‘ನಿನ್ನದೆಲ್ಲಿ?’ ಎಂದಳು. ತನ್ನದಕ್ಕೆ ಕಂಠದಲ್ಲಿ ಬಿರುಕು ಬಂದದ್ದನ್ನೂ ಹುಣಸೆ ಬೀಜದ ಅಂಟು ತುಂಬಿದ್ದನ್ನೂ ಮಾಸ್ತರು ಹೇಳಿದರು. ಅಕ್ಕ ಎದ್ದು, ಬಟ್ಟಲನ್ನು ಕಿಟಕಿಯ ಹತ್ತಿರದ ಮಾಡಿನಲ್ಲಿ ಇಡಹೋಗಿ ತಡೆದು ನಿಂತಳು.

‘ಇಲ್ಲಿ ಗಾಳಿ ಬಡೀತೈತಿ. ಮತ್ತ ಬಿರೀತೈತೇನು?’

‘ಇನ್ನ ಇಲ್ಲಕ್ಕಾ. ತೂಕ ನಿಂತೈತಿ.’

ಅಲ್ಲಿಯೇ ಇಟ್ಟಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ಕುಷ್ಟಗಿಯ ಬಸ್ಸು ಎಷ್ಟಕ್ಕೆ ಎಂದು ಕೇಳಿದಳು. ತನ್ನನ್ನು ಕಳಿಸಲು ಕೇಳಿದಳೋ, ತಾನು ಬರಲು ಕೇಳಿದಳೋ ಮಾಸ್ತರರಿಗೆ ತಿಳಿಯಲಿಲ್ಲ. ನಾಲ್ಕಕ್ಕೊಂದು ಐತಿ, ಐದೂವರಿಗೊಂದು ಐತಿ ಎಂದು ಎರಡನ್ನೂ ಹೇಳಿದರು.